ಮೈಕೋ ಊರಿನ ಹುಡುಗ

ವಿಜಯವಾಡದ ಆಟೋನಗರದಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಬಗ್ಗೆ ಒಂದು ಸುಳ್ಳು ಹುಟ್ಟಿತು. ಅದನ್ನು ಹೇಳಿದವನು ನಾನಲ್ಲ. ಆದರೆ ಅಲ್ಲ ಅಂತ ಹೇಳಬೇಕಾದವನು ನಾನೇ, ಹೇಳಲಿಲ್ಲ. ಅದರ ಲೆಕ್ಕ ಚುಕ್ತಾ ಮಾಡುವಷ್ಟರಲ್ಲಿ ಎರಡೂವರೆ ವರ್ಷ ಕಳೆದಿತ್ತು.

2001ರ ಜೂನ್ ತಿಂಗಳು. ರಾಯಚೂರಿನಿಂದ ಸಿಕಂದರಾಬಾದಿಗೆ, ಅಲ್ಲಿಂದ ವಿಜಯವಾಡಕ್ಕೆ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು ಇಳಿದಿದ್ದೆ. ಕೈಯಲ್ಲಿ ಒಂದು ರೆಕ್ಸಿನ್ ಬ್ಯಾಗು, ಅದರೊಳಗೆ ಎರಡು ಜೊತೆ ಬಟ್ಟೆ, ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಬಿಸಿಲಿನ ವಿಚಾರದಲ್ಲಿ ನಮ್ಮ ರಾಯಚೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ನನಗೊಂದು ಜಂಬ ಇತ್ತು. ವಿಜಯವಾಡದ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ಹತ್ತು ನಿಮಿಷದಲ್ಲಿ ಅದು ಇಳಿಯಿತು. ನಮ್ಮ ಕಡೆ ಬಿಸಿಲು ಸುಡುತ್ತದೆ. ಇಲ್ಲಿನ ಬಿಸಿಲು ಬೇಯಿಸುತ್ತದೆ.

ಡೀಸೆಲ್ ಪಂಪು ರಿಪೇರಿ ಅಂಗಡಿಯ ಮಾಲೀಕರನ್ನು ಎಲ್ಲರೂ ಬಾಬಾಯ್ ಗಾರು ಅಂತಿದ್ದರು. ತೆಲುಗಿನಲ್ಲಿ ಬಾಬಾಯ್ ಅಂದರೆ ಚಿಕ್ಕಪ್ಪ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೆಂಗಳೂರಿನಲ್ಲಿ ಎಷ್ಟು ವರ್ಷ ಪಂಪು ಕಟ್ಟಿದ್ದೀಯ?" ಅಂತ ಕೇಳಿದರು. ಮೂರು ವರ್ಷ ಅಂದೆ. ಅಷ್ಟರಲ್ಲಿ ಒಬ್ಬ ಲಾರಿ ಮಾಲೀಕ ಒಳಗೆ ಬಂದ. ಬಾಬಾಯ್ ಗಾರು ನನ್ನ ಹೆಗಲ ಮೇಲೆ ಕೈಯಿಟ್ಟು ಅವನಿಗೆ ಹೇಳಿಯೇಬಿಟ್ಟರು: "ನೋಡು, ಬೆಂಗಳೂರಿನಿಂದ ಹುಡುಗನನ್ನು ಕರೆಸಿದ್ದೀನಿ. ಮೈಕೋ ಕಂಪನಿಯಲ್ಲಿ ಕೆಲಸ ಮಾಡಿದವನು."

ಲಾರಿ ಮಾಲೀಕ ನನ್ನನ್ನು ನೋಡಿದ ರೀತಿಯೇ ಬದಲಾಯಿತು. ಕುಳಿತಿದ್ದ ಹುಡುಗರೂ ತಲೆಯೆತ್ತಿ ನೋಡಿದರು. ನನಗೆ ಆಗ ತೆಲುಗು ಅರ್ಧಂಬರ್ಧ ಬರುತ್ತಿತ್ತು. ರಾಯಚೂರಿನವರಿಗೆ ಅಷ್ಟು ತೆಲುಗು ಹುಟ್ಟಿನಿಂದಲೇ ಬರುತ್ತದೆ. ಅವರು ಹೇಳಿದ್ದು ಅರ್ಥವಾಗಲಿಲ್ಲ ಅಂತ ಸುಳ್ಳು ಹೇಳಲಾರೆ. ಅರ್ಥವಾಯಿತು. ಸುಮ್ಮನಿದ್ದೆ.

ನಿಜ ಏನೆಂದರೆ, ನಾನು ದೇವಸೂಗೂರಿನ ಹತ್ತಿರದ, ಕೃಷ್ಣಾ ದಂಡೆಯ ಒಂದು ಹಳ್ಳಿಯವನು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿ, ಬೆಂಗಳೂರಿನ ಕಲಾಸಿಪಾಳ್ಯದ ಒಂದು ಸಣ್ಣ ಪಂಪು ಅಂಗಡಿಯಲ್ಲಿ ಒಬ್ಬ ಮುದಿ ಉಸ್ತಾದರ ಕೈಕೆಳಗೆ ಕೆಲಸ ಕಲಿತವನು. ಮೈಕೋ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1951ರಲ್ಲಿ ಶುರುವಾದದ್ದು. ಬಾಷ್ ಮಾದರಿಯ ಡೀಸೆಲ್ ಪಂಪು, ನಾಝಲ್ಲುಗಳನ್ನು ಈ ದೇಶದಲ್ಲಿ ಮಾಡಿ ಮಾರಿದ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಆದರೂ ಲಾರಿ ಜನರ ಬಾಯಲ್ಲಿ ಅದು ಮೈಕೋ ಆಗಿಯೇ ಉಳಿದಿದೆ. ಆಡುಗೋಡಿಯಲ್ಲಿರುವ ಅದರ ಗೇಟನ್ನು ನಾನು ಎಷ್ಟೋ ಸಲ ಬಿಟಿಎಸ್ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ನನಗೂ ಮೈಕೋಗೂ ಇದ್ದ ಸಂಬಂಧ ಅಷ್ಟೇ.

ವಿಜಯವಾಡದ ಆಟೋನಗರವನ್ನು ನೋಡದವರಿಗೆ ಅದನ್ನು ಹೇಗೆ ವಿವರಿಸಲಿ? ಕಲಾಸಿಪಾಳ್ಯವನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಒಳಗೆ ಅಡ್ಡರಸ್ತೆ ಉದ್ದರಸ್ತೆ ಎಳೆದು, ಪ್ರತಿ ಬೀದಿಗೂ ಒಂದೊಂದು ಕಸುಬು ಹಂಚಿದ ಹಾಗೆ ಅಂದುಕೊಳ್ಳಿ. 1960ರ ದಶಕದಲ್ಲಿ ಊರೊಳಗಿನ ಮೋಟಾರು ಕೆಲಸಗಾರರನ್ನೆಲ್ಲ ಒಂದು ಕಡೆ ಸೇರಿಸಿ ಕಟ್ಟಿದ ಬಡಾವಣೆ ಅದು. ಒಂದು ಬೀದಿಯಲ್ಲಿ ಬರೀ ಬಾಡಿ ಕಟ್ಟುವವರು, ಇನ್ನೊಂದರಲ್ಲಿ ಕಮಾನು ಪಟ್ಟಿ, ಮತ್ತೊಂದರಲ್ಲಿ ರೇಡಿಯೇಟರು. ಮದ್ರಾಸಿನಿಂದ ಕಲ್ಕತ್ತಾಕ್ಕೆ ಹೋಗುವ ಹೆದ್ದಾರಿಯೂ ಹೈದರಾಬಾದಿನಿಂದ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿಯೂ ಕೂಡುವ ಊರು ವಿಜಯವಾಡ. ಕೆಟ್ಟ ಲಾರಿಗಳೆಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. ಅಲ್ಲಿ ಲಾರಿಯನ್ನು ಚಾಸಿಯಿಂದ ಹಿಡಿದು ಹೊಸದಾಗಿ ಹುಟ್ಟಿಸಬಲ್ಲರು ಅಂತ ಮಾತಿತ್ತು, ನಾನು ಕಣ್ಣಾರೆ ಕಂಡೆ.

ನಮ್ಮ ಕೆಲಸ ಗಲಾಟೆಯ ಕೆಲಸವಲ್ಲ. ಬೀದಿಯೆಲ್ಲ ಸುತ್ತಿಗೆಯ ಸದ್ದಿದ್ದರೆ ಪಂಪಿನ ಕೋಣೆಗೆ ಬಾಗಿಲು ಹಾಕಿರುತ್ತಿತ್ತು, ಧೂಳು ಬರಬಾರದು ಅಂತ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ ಅನ್ನೋದು ನಿಮಗೆ ಗೊತ್ತಿರಬಹುದು. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಅದರೊಳಗೆ ಸರಿಯಾದ ಗಳಿಗೆಗೆ ಡೀಸೆಲ್ ಚಿಮ್ಮಿಸಿದರೆ ಅದೇ ಹೊತ್ತಿಕೊಳ್ಳುತ್ತದೆ. ಆ ಚಿಮ್ಮಿಸುವ ಕೆಲಸ ಪಂಪಿನದು. ಒಂದು ಸಲಕ್ಕೆ ಹೋಗೋದು ಒಂದೆರಡು ಹನಿ ಅಷ್ಟೇ. ಆರು ಸಿಲಿಂಡರಿನ ಲಾರಿಯಾದರೆ ಪಂಪಿನೊಳಗೆ ಆರು ಎಲಿಮೆಂಟು. ಆರೂ ಒಂದೇ ಅಳತೆಯಲ್ಲಿ ಕೊಡಬೇಕು. ಅದನ್ನು ನೋಡಲು ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಕೂಡಿಸಿ ಮೋಟಾರಿನಿಂದ ತಿರುಗಿಸುತ್ತೇವೆ. ಮುಂದೆ ಆರು ಗಾಜಿನ ಕೊಳವೆ. ಸಾವಿರ ಸಲ ಚಿಮ್ಮಿದ ಮೇಲೆ ಬೆಂಚು ತಾನೇ ನಿಲ್ಲಿಸುತ್ತದೆ. ಆಗ ಬಗ್ಗಿ, ಕಣ್ಣನ್ನು ಎಣ್ಣೆಯ ಮಟ್ಟಕ್ಕೆ ತಂದು, ಆರೂ ಕೊಳವೆಯ ಸಿಸಿ ಓದಬೇಕು. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಇದ್ದರೆ ಎಂಜಿನ್ ಕುಂಟುತ್ತದೆ. ಆರೂ ಸಮ ಬಂದಾಗ ಸಿಗುವ ಸಮಾಧಾನ ನನಗೆ ಇವತ್ತಿಗೂ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಕೆಲಸ ನನ್ನ ಕೈಗೆ ಚೆನ್ನಾಗಿ ಹತ್ತಿತ್ತು. ಅದಕ್ಕೆ ಆ ಸುಳ್ಳು ಬೆಳೆಯಿತು. ಒಂದು ಪಂಪು ಸರಿಯಾದರೆ, "ಮೈಕೋ ಹುಡುಗ ಅಲ್ಲವಾ" ಅನ್ನುತ್ತಿದ್ದರು. ಗುಂಟೂರಿನಿಂದ, ಏಲೂರಿನಿಂದ ಪಂಪು ಬಿಚ್ಚಿಕೊಂಡು ಬಸ್ಸಿನಲ್ಲಿ ಹಾಕಿಕೊಂಡು ಬರುವವರು ನನ್ನನ್ನೇ ಹುಡುಕುತ್ತಿದ್ದರು. ಪರಊರಿನಲ್ಲಿ ಯಾರೂ ಗೊತ್ತಿಲ್ಲದ ಹುಡುಗನಿಗೆ ಒಂದು ಹೆಸರು ಸಿಕ್ಕಿತ್ತು. ಊರಲ್ಲಿದ್ದರೆ ನಾನು ಇಂಥವರ ಮಗ, ಇಂಥ ಓಣಿಯವನು. ಅಲ್ಲಿ ಅವೆಲ್ಲ ನಡೆಯದ ನಾಣ್ಯ. ನಡೆಯುವ ನಾಣ್ಯ ಅಂದರೆ ಮೈಕೋ ಒಂದೇ. ಅದನ್ನು ಹೇಗೆ ಬಿಸಾಕಲಿ?

ಆ ದಿನಗಳಲ್ಲೇ ಟರ್ಬೊ ಗಾಡಿಗಳು ಹೆಚ್ಚುತ್ತಾ ಬಂದವು. ಲಾರಿಗಳಲ್ಲಿ ಮೊದಲೇ ಬರುತ್ತಿತ್ತು. 1998ರಲ್ಲಿ ಟಾಟಾ ಸಫಾರಿ ಎರಡು ಲೀಟರಿನ ಟರ್ಬೊ ಡೀಸೆಲ್ ಎಂಜಿನ್ನಿನೊಂದಿಗೆ ಬಂದ ಮೇಲೆ ಕಾರಿನವರ ಬಾಯಲ್ಲೂ ಆ ಮಾತು ಕುಣಿಯತೊಡಗಿತು. ಟರ್ಬೊ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನುವ ಎಂಜಿನಿಯರು 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನ ಕಡೆಗೆ ಸುಮ್ಮನೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು, ಅದೇ ಅಚ್ಚಿಗೆ ಇನ್ನೊಂದು ಚಕ್ರ ಕೂಡಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವುದು. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕಂತೆ ಡೀಸೆಲ್ ಹೆಚ್ಚು ಉರಿಸಬಹುದು, ಅದೇ ಎಂಜಿನ್ನಿನಲ್ಲಿ ಹೆಚ್ಚು ಶಕ್ತಿ.

ಆದರೆ ಟರ್ಬೊ ಎಲ್ಲ ಹೊತ್ತೂ ಒಂದೇ ಸಮ ಗಾಳಿ ಕೊಡುವುದಿಲ್ಲ. ಎಂಜಿನ್ ನಿಧಾನಕ್ಕಿದ್ದಾಗ ಕಡಿಮೆ, ಜೋರು ಹಿಡಿದ ಮೇಲೆ ಹೆಚ್ಚು. ಹಾಗಾಗಿ ಆ ಕಾಲದ ಟರ್ಬೊ ಪಂಪಿನ ತಲೆಯ ಮೇಲೆ ಒಂದು ಸಣ್ಣ ಡಬ್ಬಿ ಇರುತ್ತಿತ್ತು. ಒಳಗೆ ಒಂದು ರಬ್ಬರ್ ಪೊರೆ, ಕೆಳಗೆ ಒಂದು ಸ್ಪ್ರಿಂಗು, ಒಂದು ಪಿನ್ನು. ಎಂಜಿನ್ನಿನ ಗಾಳಿಯ ದಾರಿಯಿಂದ ಒಂದು ಸಣ್ಣ ಪೈಪು ಆ ಡಬ್ಬಿಗೆ ಬಂದಿರುತ್ತದೆ. ಗಾಳಿಯ ಒತ್ತಡ ಏರಿದರೆ ಪೊರೆ ಪಿನ್ನನ್ನು ಒತ್ತುತ್ತದೆ, ಪಂಪು ಹೆಚ್ಚು ಡೀಸೆಲ್ ಬಿಡುತ್ತದೆ. ಒತ್ತಡ ಇಳಿದರೆ ಪಿನ್ನು ಮೇಲೆ ಬರುತ್ತದೆ, ಡೀಸೆಲ್ ಕಡಿಮೆಯಾಗುತ್ತದೆ. ಕಂಪ್ಯೂಟರಿಲ್ಲ, ವೈರಿಲ್ಲ. ಮನೆಗೆ ಎಷ್ಟು ದುಡ್ಡು ಬಂದಿದೆಯೋ ನೋಡಿಕೊಂಡು ಅಷ್ಟೇ ಅಕ್ಕಿ ತರುವ ಹೆಂಗಸಿನ ಹಾಗೆ ಆ ಡಬ್ಬಿ.

ಇದಲ್ಲದೆ ಪಂಪಿನ ಹಿಂಭಾಗದಲ್ಲಿ ಒಂದು ಸ್ಕ್ರೂ ಇರುತ್ತದೆ, ಫುಲ್ ಲೋಡ್ ಸ್ಕ್ರೂ. ಇಡೀ ಅಳತೆಯನ್ನೇ ಮೇಲೆತ್ತುವ, ಕೆಳಗಿಳಿಸುವ ಸ್ಕ್ರೂ. ಯಾರೂ ಮುಟ್ಟಬಾರದೆಂದು ಅದಕ್ಕೆ ಸೀಲು ಹಾಕಿರುತ್ತಾರೆ. ಎಲ್ಲರೂ ಮುಟ್ಟಲು ಕೇಳುವುದೂ ಅದನ್ನೇ. "ಸ್ವಲ್ಪ ಡೀಸೆಲ್ ಏರಿಸಿ ಕೊಡಿ, ಪಿಕಪ್ ಸಾಲದು." ಕಾಲು ಸುತ್ತು ತಿರುಗಿಸಿದರೆ ಸಾಕು, ಗಾಡಿ ಹಾರಿದ ಹಾಗೆ ಅನ್ನಿಸುತ್ತದೆ. ಹಿಂದೆ ಕಪ್ಪು ಹೊಗೆ. ಕಪ್ಪು ಹೊಗೆ ಬಂದರೆ ಗಾಡಿ ಗಟ್ಟಿ ಅಂತ ನಂಬುವ ಡ್ರೈವರುಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ನಿಜವಾಗಿ ಅದು ಗಾಳಿ ಸಾಲದೆ ಅರ್ಧ ಉರಿದ ಡೀಸೆಲ್. ಒಂದು ಕೇಜಿ ಡೀಸೆಲ್ ಪೂರ್ತಿ ಉರಿಯಲು ಹದಿನಾಲ್ಕೂವರೆ ಕೇಜಿ ಗಾಳಿ ಬೇಕು, ಹೊಗೆಯಿಲ್ಲದೆ ಉರಿಯಬೇಕಾದರೆ ಅದಕ್ಕಿಂತ ಜಾಸ್ತಿ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗಿಂತ ಡೀಸೆಲ್ ಮುಂದೆ ಹೋದಂತೆ ಬಿಸಿ ಏರುತ್ತಾ ಹೋಗುತ್ತದೆ. ಪಿಸ್ಟನ್ನು ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ.

ಕಲಾಸಿಪಾಳ್ಯದ ಉಸ್ತಾದರು ಇಷ್ಟೆಲ್ಲ ಲೆಕ್ಕ ಹೇಳುತ್ತಿರಲಿಲ್ಲ. "ಬೇಟಾ, ಮೊದ್ಲು ಗಾಳಿ ನೋಡು, ಆಮೇಲೆ ಡೀಸೆಲ್ ಮುಟ್ಟು" ಅಂತ ಒಂದೇ ಮಾತು. ಆ ಮಾತು ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದೆಲ್ಲ ಕೈಗೆ ಬಂದಿರುತ್ತದೆ ಅಂತ ಇಲ್ಲ.

2003ರ ಮಾರ್ಚಿನಲ್ಲಿ ಬಾಬಾಯ್ ಗಾರು ವಿಶಾಖಪಟ್ಟಣದ ಗಾಜುವಾಕದಲ್ಲಿ ಇನ್ನೊಂದು ಅಂಗಡಿ ತೆರೆದರು. ನನ್ನನ್ನು ಅಲ್ಲಿಗೆ ಕಳಿಸಿದರು. ವಿಜಯವಾಡದಿಂದ ಸುಮಾರು 350 ಕಿಲೋಮೀಟರು. ವಿಜಯವಾಡದಲ್ಲಿದ್ದಾಗ ನನಗೊಂದು ಸಮಾಧಾನ ಇತ್ತು. ಭಾನುವಾರ ಸಂಜೆ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತರೆ ಕೆಳಗೆ ಇದ್ದದ್ದು ನಮ್ಮೂರನ್ನು ಮುಟ್ಟಿಕೊಂಡೇ ಬಂದ ಕೃಷ್ಣೆ. ಅವ್ವ ಬಟ್ಟೆ ಒಗೆದ ನೀರು ಇಲ್ಲಿಗೆ ಬಂದಿದೆ ಅಂತ ನಾನೇ ನಗುತ್ತಿದ್ದೆ. ವೈಜಾಗಿನಲ್ಲಿ ಅದೂ ಇಲ್ಲ. ಸಮುದ್ರ. ಎಷ್ಟು ನೋಡಿದರೂ ಅದು ಯಾವ ಊರಿನಿಂದಲೂ ಬಂದದ್ದಲ್ಲ.

ಅಲ್ಲಿ ಕೆಲಸ ಬೇರೆ ತರಹ. ಬಂದರಿನ ಲಾರಿಗಳು, ಉಕ್ಕಿನ ಕಾರ್ಖಾನೆಯ ಲಾರಿಗಳು, ಮೀನುಗಾರಿಕೆ ಬಂದರಿನ ದೋಣಿಗಳ ಎಂಜಿನ್ನು. ಉಪ್ಪುಗಾಳಿಗೆ ಪೈಪು, ಕ್ಲಿಪ್ಪು ಎಲ್ಲ ತುಕ್ಕು. ಜೊತೆಗೆ ಅರಕು ಕಣಿವೆಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಟ್ಯಾಕ್ಸಿಗಳು. ವೈಜಾಗಿನಿಂದ ಅರಕುಗೆ ಸುಮಾರು 115 ಕಿಲೋಮೀಟರು. ಶೃಂಗವರಪುಕೋಟ ದಾಟಿದ ಮೇಲೆ ಘಾಟಿ ಶುರು. ಸಮುದ್ರದ ಮಟ್ಟದಿಂದ ಹೊರಟ ಗಾಡಿ ಅನಂತಗಿರಿ ದಾಟುವಷ್ಟರಲ್ಲಿ ಸಾವಿರ ಮೀಟರಿನ ಹತ್ತಿರ ಏರಿರುತ್ತದೆ. ಅಷ್ಟು ಮೇಲೆ ಗಾಳಿ ನೂರಕ್ಕೆ ಹತ್ತರಷ್ಟು ತೆಳುವಾಗಿರುತ್ತದೆ.

ಡಿಸೆಂಬರಿನಲ್ಲಿ ಒಬ್ಬ ಡ್ರೈವರು ಬಂದರು. ನಲವತ್ತರ ಮೇಲಿನ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಸಾಲ ಮಾಡಿ ಹಳೇ ಟರ್ಬೊ ಡೀಸೆಲ್ ಗಾಡಿಯೊಂದನ್ನು ಕೊಂಡು ಅರಕುಗೆ ಓಡಿಸುತ್ತಿದ್ದರು. "ಘಾಟಿಯಲ್ಲಿ ಎಳೀತಾ ಇಲ್ಲ ಮೇಸ್ತ್ರಿ ಗಾರು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಈಗ ಎರಡಕ್ಕೆ ಇಳಿಸಬೇಕು. ಸೀಸನ್ನು ಶುರುವಾಗಿದೆ. ನೀವು ಮೈಕೋದವರಂತೆ, ಒಂದು ಕೈ ನೋಡಿ."

ಹೊಗೆ ಬರುತ್ತದೆಯಾ ಅಂತ ಕೇಳಿದೆ. ಇಲ್ಲ ಅಂದರು. ಹೊಗೆಯಿಲ್ಲ, ಶಕ್ತಿಯೂ ಇಲ್ಲ. ಅಂದರೆ ಡೀಸೆಲ್ ಕಡಿಮೆ ಬರುತ್ತಿದೆ. ಇಲ್ಲಿಯವರೆಗೆ ನನ್ನ ಲೆಕ್ಕ ಸರಿಯೇ. ಯಾಕೆ ಕಡಿಮೆ ಬರುತ್ತಿದೆ ಅಂತ ಮುಂದಿನ ಪ್ರಶ್ನೆ ಕೇಳಬೇಕಿತ್ತು. ಸಂಜೆಯಾಗಿತ್ತು, ಬೆಳಗಾದರೆ ಅವರಿಗೆ ಬಾಡಿಗೆ ಇತ್ತು. ಪಂಪು ಬಿಚ್ಚಿ ಬೆಂಚಿಗೆ ಹಾಕಿದರೆ ಒಂದು ದಿನ ಹೋಗುತ್ತದೆ. "ಮೈಕೋದಲ್ಲಿ ಕಲಿತವರಿಗೆ ಬೆಂಚು ಯಾಕೆ, ಕಿವಿಯಲ್ಲೇ ಹೇಳ್ತಾರೆ" ಅಂತ ನಮ್ಮ ಅಂಗಡಿಯ ಹುಡುಗನೊಬ್ಬ ಅಂದ. ಅವನು ನನ್ನನ್ನು ಹೊಗಳಲೆಂದೇ ಅಂದದ್ದು. ನಾನು ಸೀಲು ಕಿತ್ತೆ. ಕಾಲು ಸುತ್ತು. ಆಕ್ಸಿಲರೇಟರ್ ಒತ್ತಿಸಿ ನೋಡಿದೆ. ಮತ್ತೆ ಕಾಲು ಸುತ್ತು.

ಗಾಜುವಾಕದ ಹತ್ತಿರವೇ ಯಾರಾಡ ಬೆಟ್ಟದ ಏರು ಇದೆ. ಇಬ್ಬರೂ ಅಲ್ಲಿಗೆ ಹೋದೆವು. ಗಾಡಿ ಮೂರನೇ ಗೇರಿನಲ್ಲಿ ಗಡಗಡ ಹತ್ತಿತು. ಹಿಂದೆ ಒಂದಿಷ್ಟು ಕಪ್ಪು ಹೊಗೆ ಕನ್ನಡಿಯಲ್ಲಿ ಕಂಡಿತು. ನಾನು ನೋಡಿದೆ, ಅವರೂ ನೋಡಿದರು. ಮೇಲೆ ನಿಂತು ಸಮುದ್ರ ನೋಡುತ್ತಾ ಅವರು ನನಗೆ ಟೀ ಕೊಡಿಸಿದರು. ಇನ್ನೂರು ರೂಪಾಯಿ ಕೇಳಿದ್ದಕ್ಕೆ ಮುನ್ನೂರು ಕೊಟ್ಟರು.

ಯಾರಾಡ ಏರು ಕೆಲವು ನಿಮಿಷದ ಏರು. ಅಷ್ಟರಲ್ಲಿ ಕಬ್ಬಿಣ ಕಾಯುವುದಿಲ್ಲ. ಅನಂತಗಿರಿ ಘಾಟಿ ಗಂಟೆಗಟ್ಟಲೆ ಏರು.

ಹತ್ತು ದಿನದ ಮೇಲೆ ಅಂಗಡಿಗೆ ಎಸ್‌ಟಿಡಿ ಬೂತಿನಿಂದ ಫೋನು ಬಂತು. ಅವರದೇ ದನಿ. "ಗಾಡಿ ನಿಂತುಹೋಯಿತು" ಅಂತ ಅಷ್ಟೇ ಅಂದರು. ಬೆಳಗಿನ ಬಸ್ಸಿಗೆ ಟೂಲ್ ಬಾಕ್ಸ್ ಹಿಡಿದು ಹೊರಟೆ. ದಾರಿಯುದ್ದಕ್ಕೂ ಕಾಫಿ ತೋಟ, ಮಂಜು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಅಂಟಿಕೊಂಡು ನೋಡುತ್ತಿದ್ದರು. ನನಗೆ ಏನೂ ಕಾಣಲಿಲ್ಲ.

ಆಗಿದ್ದನ್ನು ಅವರ ಬಾಯಿಂದ ಕೇಳಿದೆ. ಗಾಡಿಯಲ್ಲಿ ಏಳು ಜನ, ಅದರಲ್ಲಿ ಇಬ್ಬರು ಮಕ್ಕಳು. ಏರಿನಲ್ಲಿ ಇದ್ದಕ್ಕಿದ್ದಂತೆ ಎಂಜಿನ್ ಬಡಿಯಲು ಶುರುವಾಗಿದೆ, ಹಿಂದೆ ಬಿಳಿ ಹೊಗೆ ಮುಸುಕಿದೆ. ಕೀ ತೆಗೆದಿದ್ದಾರೆ. ಎಂಜಿನ್ ನಿಲ್ಲಲಿಲ್ಲ, ಬದಲಿಗೆ ಇನ್ನೂ ಜೋರಾಗಿ ಕೂಗಿದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನು ತೂತಾದರೆ ಹೀಗಾಗುವುದುಂಟು. ತಳದ ಆಯಿಲ್ಲನ್ನೇ ಮೇಲೆ ಎಳೆದುಕೊಂಡು ಉರಿಸುತ್ತದೆ, ಡೀಸೆಲ್ ನಿಲ್ಲಿಸಿದರೂ ಕೇಳುವುದಿಲ್ಲ. ಅವರು ನಾಲ್ಕನೇ ಗೇರಿಗೆ ಹಾಕಿ, ಬ್ರೇಕಿನ ಮೇಲೆ ನಿಂತುಬಿಟ್ಟು, ಕ್ಲಚ್ಚು ಬಿಟ್ಟು ಎಂಜಿನ್ನನ್ನು ಕುತ್ತಿಗೆ ಹಿಸುಕಿದ ಹಾಗೆ ನಿಲ್ಲಿಸಿದ್ದಾರೆ. ಅನುಭವದ ಕೈ. ಎಡಕ್ಕೆ ಕಂದಕ ಇತ್ತು. ಯಾರಿಗೂ ಏನೂ ಆಗಲಿಲ್ಲ. ಆ ಕುಟುಂಬದವರು ಮಕ್ಕಳನ್ನು ಎತ್ತಿಕೊಂಡು ಬಸ್ಸು ಬರುವವರೆಗೆ ರಸ್ತೆ ಬದಿಯಲ್ಲಿ ನಿಂತಿದ್ದರಂತೆ.

ಅನಂತಗಿರಿಯ ಒಂದು ಶೆಡ್ಡಿನಲ್ಲಿ ಹೆಡ್ಡು ಬಿಚ್ಚಿದೆವು. ಮೂರನೇ ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅಂಚು ಮೇಣ ಕರಗಿದ ಹಾಗೆ ಜಾರಿತ್ತು. ಆಮೇಲೆ, ಮೊದಲು ಮಾಡಬೇಕಿದ್ದ ಕೆಲಸವನ್ನು ನಾನು ಕೊನೆಗೆ ಮಾಡಿದೆ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಕೆಳಗೆ ಕೈ ಹಾಕಿದೆ. ಬೆರಳಿಗೆ ಜಿಡ್ಡು ಹತ್ತಿತು. ತಿರುಗಿಸಿ ನೋಡಿದರೆ ಕ್ಲಿಪ್ಪಿನ ಪಕ್ಕದಲ್ಲಿ ಮೂರು ಬೆರಳಷ್ಟು ಉದ್ದದ ಬಿರುಕು. ಸುಮ್ಮನಿದ್ದಾಗ ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ಬಾಯಿ ಬಿಡುತ್ತದೆ.

ಈಗ ಎಲ್ಲ ತಿಳಿಯಿತು. ಟರ್ಬೊ ಕೊಟ್ಟ ಗಾಳಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಪಂಪಿನ ಮೇಲಿನ ಡಬ್ಬಿ ಅದನ್ನು ಕಂಡುಕೊಂಡು, ಗಾಳಿ ಕಡಿಮೆ ಅಂತ ಡೀಸೆಲ್ಲನ್ನೂ ಕಡಿಮೆ ಮಾಡಿತ್ತು. ಅದಕ್ಕೇ ಎಳೆತ ಇಲ್ಲ, ಅದಕ್ಕೇ ಹೊಗೆಯೂ ಇಲ್ಲ. ಪಂಪು ಕೆಟ್ಟಿರಲಿಲ್ಲ. ಅದು ಎಂಜಿನ್ನನ್ನು ಕಾಯುತ್ತಿತ್ತು. ಕೆಲಸ ಸರಿಯಾಗಿ ಮಾಡುತ್ತಿದ್ದ ಅದೊಂದರ ಬಾಯಿಯನ್ನೇ ನಾನು ಸ್ಕ್ರೂ ಹಾಕಿ ಮುಚ್ಚಿದ್ದೆ. ಹದಿನೈದು ರೂಪಾಯಿಯ ಕ್ಲಿಪ್ಪು, ಒಂದು ಪೈಪು. ಇಷ್ಟರಲ್ಲಿ ಮುಗಿಯುವ ಕೆಲಸ.

ಆ ಡ್ರೈವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ತೂತಾದ ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸುತ್ತಾ, ನಿಜವಾಗಿಯೂ ತಿಳಿಯಲೆಂದೇ ಕೇಳಿದರು: "ಮೀರು ಮೈಕೋಲೋ ಪನಿ ಚೇಶಾರು ಕದಾ?" ನೀವು ಮೈಕೋದಲ್ಲಿ ಕೆಲಸ ಮಾಡಿದ್ದೀರಲ್ಲವಾ, ನಿಮಗೆ ಇದು ಹೇಗೆ ಗೊತ್ತಾಗಲಿಲ್ಲ ಅಂತ ಆ ಮಾತಿನ ಅರ್ಥ.

"ಲೇದಂಡಿ" ಅಂದೆ. ಇಲ್ಲ. ಎರಡೂವರೆ ವರ್ಷದ ಮೇಲೆ ಆ ಒಂದು ಪದ ಬಾಯಿಂದ ಬಂತು. ಬೆಂಗಳೂರಿನ ಕಂಪನಿ ನಾನು ಬಸ್ಸಿನಿಂದ ನೋಡಿದ್ದು, ನಾನು ರಾಯಚೂರಿನವನು, ಇದು ಪೂರಾ ನನ್ನ ತಪ್ಪು ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಆವತ್ತು ಇದನ್ನು ಹೇಳಿದ್ದರೆ ನಾನು ಇನ್ನೊಬ್ಬರಿಗೂ ತೋರಿಸುತ್ತಿದ್ದೆ" ಅಂದರು. ಅಷ್ಟೇ. ಇಪ್ಪತ್ತು ವರ್ಷದ ಮೇಲಾಯಿತು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಗಾಡಿಯನ್ನು ವೈಜಾಗಿಗೆ ಎಳೆಸಿ ತಂದೆವು. ಪಿಸ್ಟನ್ನು, ಬೋರು, ಗ್ಯಾಸ್ಕೆಟ್ಟು, ಟರ್ಬೊ ಬಿಚ್ಚಿ ನೋಡಿದ್ದು ಎಲ್ಲ ಸೇರಿ 24 ಸಾವಿರ ರೂಪಾಯಿ ಲೆಕ್ಕ ಬಂತು. ನನ್ನ ಹತ್ತಿರ ಇದ್ದದ್ದು 17 ಸಾವಿರ. ಅದು ಊರಿನ ಮನೆಯ ಮಾಳಿಗೆಗೆ ಅಂತ ಕೂಡಿಸಿಟ್ಟದ್ದು. ಮಣ್ಣಿನ ಮಾಳಿಗೆ, ಮಳೆಗಾಲದಲ್ಲಿ ಮೂರು ಕಡೆ ಸೋರುತ್ತಿತ್ತು. ಅವ್ವ ಪಾತ್ರೆಗಳನ್ನು ಇಟ್ಟುಕೊಂಡು ರಾತ್ರಿ ಎದ್ದು ಎದ್ದು ಚೆಲ್ಲುತ್ತಿದ್ದಳು.

ಪಕ್ಕದ ಮನೆಯವರ ಫೋನಿಗೆ ಮಾಡಿ ಅವ್ವನನ್ನು ಕರೆಸಿದೆ. ಎಲ್ಲ ಹೇಳಿದೆ. ಪಂಪು, ಟರ್ಬೊ ಅವಳಿಗೆ ಏನು ತಿಳಿಯಬೇಕು? ತಿಳಿಯಬೇಕಾದದ್ದು ತಿಳಿಯಿತು.

"ಗಾಡಿ ನಿಂತ್ರ ಅವರ ಮನಿ ಹ್ಯಾಂಗ ನಡೀತದಪಾ?" ಅಂದಳು.

"ನಡಿಯಂಗಿಲ್ಲವ್ವಾ."

"ಹಂಗಾರ ಕೊಡು. ಮಾಳಿಗಿ ಇನ್ನೊಂದು ಮಳಿಗಾಲ ತಡೀತದ. ಒಲಿ ತಡಿಯಂಗಿಲ್ಲ."

ದುಡ್ಡು ಸಾಲದ್ದಕ್ಕೆ ಸಾಲ ಕೇಳಲು ವಿಜಯವಾಡಕ್ಕೆ ಹೋದೆ. ಬಾಬಾಯ್ ಗಾರು ಅಷ್ಟರಲ್ಲಿ ಸುದ್ದಿ ಕೇಳಿದ್ದರು. ಮೈಕೋ ಅಲ್ಲ ಅಂತ ನಾನು ಬಾಯಿ ಬಿಟ್ಟದ್ದೂ ಕೇಳಿದ್ದರು. ಅಂಗಡಿಯ ಮಾನ ಕಳೆದೆ ಅಂತ ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡೇ ಹೋದದ್ದು. ಅವರು ಟೆಸ್ಟ್ ಬೆಂಚಿನ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಬ್ಬಾಯಿ, ಸ್ಕ್ರೂ ತಿರುಗಿಸಿದ್ದು ನೀನು. ಸುಳ್ಳು ನನ್ನದು. ಅರ್ಧ ನೀನು ಕೊಡು, ಅರ್ಧ ನಾನು ಕೊಡ್ತೀನಿ" ಅಂದರು. ಗಲ್ಲಾ ಪೆಟ್ಟಿಗೆ ತೆಗೆದು 12 ಸಾವಿರ ಎಣಿಸಿ ಇಟ್ಟರು.

ನನಗೆ 5 ಸಾವಿರ ಉಳಿಯಿತು. ಮಾಳಿಗೆ ಆ ವರ್ಷವೂ ಸೋರಿತು, ಅದರ ಮುಂದಿನ ವರ್ಷ ಸರಿಯಾಯಿತು.

ಅವತ್ತಿನಿಂದ ಬಾಬಾಯ್ ಗಾರು ಹೊಸ ಗಿರಾಕಿ ಬಂದರೆ ನನ್ನನ್ನು ತೋರಿಸಿ ಬೇರೆ ಮಾತು ಹೇಳತೊಡಗಿದರು. "ಇವನು ರಾಯಚೂರಿನವನು. ಗಾಳಿ ಪೈಪು ನೋಡದೆ ನಿಮ್ಮ ಪಂಪು ಮುಟ್ಟೋದಿಲ್ಲ. ಅವಸರ ಇದ್ದರೆ ಬೇರೆ ಕಡೆ ಹೋಗಿ." ಕೆಲವರು ನಿಜವಾಗಿಯೂ ಬೇರೆ ಕಡೆ ಹೋದರು. ಉಳಿದವರು ಉಳಿದರು.

ಆಮೇಲೆ ಕಾಲ ಬದಲಾಯಿತು. 2005ರಲ್ಲಿ ಇನ್ನೋವಾ ಬಂತು, ಸ್ಕಾರ್ಪಿಯೋದಲ್ಲೂ ಕಾಮನ್ ರೈಲ್ ಬಂತು. ಇನ್ನೋವಾ ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ. ಪಂಪಿನ ಕೆಲಸ ಈಗ ಒತ್ತಡ ಹುಟ್ಟಿಸುವುದು ಮಾತ್ರ, ಸಾವಿರ ಬಾರ್ ದಾಟಿದ ಒತ್ತಡ. ಎಷ್ಟು ಹನಿ, ಯಾವಾಗ ಅನ್ನುವುದನ್ನು ಕಂಪ್ಯೂಟರು ಹೇಳುತ್ತದೆ. ಆ ಸಣ್ಣ ಡಬ್ಬಿಯ ಜಾಗಕ್ಕೆ ಗಾಳಿಯ ಒತ್ತಡ ಅಳೆಯುವ ಸೆನ್ಸರು ಬಂದಿದೆ. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್ 6 ಬಂದ ಮೇಲೆ ಸೈಲೆನ್ಸರಿನೊಳಗೂ ಫಿಲ್ಟರು, ಸೆನ್ಸರು. ಸ್ಕ್ರೂಡ್ರೈವರ್ ಹಿಡಿಯುತ್ತಿದ್ದ ಕೈಯಲ್ಲಿ ಈಗ ಹುಡುಗರು ಲ್ಯಾಪ್‌ಟಾಪ್ ಹಿಡಿಯುತ್ತಾರೆ. ರೀಮ್ಯಾಪ್ ಅನ್ನುತ್ತಾರೆ. ಡೀಸೆಲ್ ಏರಿಸುವುದು, ಟರ್ಬೊ ಒತ್ತಡ ಏರಿಸುವುದು, ಎಲ್ಲ ಅಂಕಿಯಲ್ಲಿ. ಅದನ್ನೂ ನಾನು ಕಲಿತೆ. ಕೇಳುವ ಮಾತು ಮಾತ್ರ ಅದೇ: ಸ್ವಲ್ಪ ಏರಿಸಿ ಕೊಡಿ.

ಬಾಬಾಯ್ ಗಾರು ಈಗಿಲ್ಲ. ನನ್ನದೇ ಒಂದು ಸಣ್ಣ ಅಂಗಡಿ ಆಟೋನಗರದಲ್ಲಿದೆ. ನನ್ನ ಮಕ್ಕಳು ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ಕನ್ನಡದ ನಡುವೆ ತೆಲುಗು ಬೆರೆಸುತ್ತಾರೆ, ಅವ್ವ ಹಂಗೇ ತಿಳಿದುಕೊಳ್ಳುತ್ತಾಳೆ. ಯುಗಾದಿಗೆ ಬೇವು ಬೆಲ್ಲದ ಜೊತೆ ಮಾವಿನಕಾಯಿ, ಹುಣಸೆ ಹಾಕಿದ ಪಚ್ಚಡಿಯೂ ಮನೆಯಲ್ಲಿ ಆಗುತ್ತದೆ.

ಹೋದ ಚಳಿಗಾಲದಲ್ಲಿ ಒಬ್ಬ ಹುಡುಗ ಕಾಮನ್ ರೈಲ್ ಗಾಡಿ ತಂದ. ವಿಜಯವಾಡದಲ್ಲೇ ಕೆಲಸ, ಮನೆ ವೈಜಾಗಿನಲ್ಲಿ. ರೀಮ್ಯಾಪ್ ಮಾಡಿಸಬೇಕು ಅಂದ. ಎಲ್ಲಿ ಕೇಳಿದೆ ನನ್ನ ಬಗ್ಗೆ ಅಂದರೆ, "ಅಪ್ಪ ಹೇಳಿದರು. ಅರಕುಗೆ ಟ್ಯಾಕ್ಸಿ ಓಡಿಸುತ್ತಿದ್ದರು. ವಿಜಯವಾಡದಲ್ಲಿ ಗಾಡಿ ಬಿಡುವುದಾದರೆ ಆ ರಾಯಚೂರು ಮೇಸ್ತ್ರಿ ಹತ್ತಿರ ಬಿಡು, ಮೊದಲು ಪೈಪು ನೋಡ್ತಾರೆ ಅಂದರು" ಅಂದ.

ನಾನು ಟಾರ್ಚು ಹಿಡಿದು ಬಾನೆಟ್ಟಿನೊಳಗೆ ಬಗ್ಗಿದೆ. ಒಂದು ಕಾರಣ, ಪೈಪು ನೋಡಬೇಕಿತ್ತು. ಇನ್ನೊಂದು, ಮುಖ ಸ್ವಲ್ಪ ಹೊತ್ತು ಒಳಗಿರಬೇಕಿತ್ತು.

"ರಾಯಚೂರು ಅಂದರೆ ಎಲ್ಲಿ ಬರುತ್ತೆ ಅಂಕಲ್?" ಅಂತ ಹಿಂದಿನಿಂದ ಕೇಳಿದ.

"ನೀನು ಇಲ್ಲಿ ಕುಡಿಯೋ ನೀರು ಬರುತ್ತಲ್ಲ, ಕೃಷ್ಣಾ ನೀರು," ಅಂದೆ, "ಅದು ಬರೋ ದಾರಿಯಲ್ಲಿ."